ಕಲಶದ ಕಾಯಿಗೆ ಕೊಟ್ಟ ಸರ್ಟಿಫಿಕೇಟು

ನಿವೃತ್ತನಾಗಿ ಬಿಳಿಗೆರೆಗೆ ಬಂದ ಮೇಲೆ, ನನ್ನ ಹಳೆಯ ಕೆಲಸದ ಯಂತ್ರದ ಬಗ್ಗೆ ಕೇಳುವವರು ಸಿಕ್ಕರೆ ನನಗೆ ಹಬ್ಬ. ಅದು ಬೆಳಕಿನಿಂದಲ್ಲ, ಶಬ್ದದಿಂದ ನೋಡುವ ಮೈಕ್ರೋಸ್ಕೋಪು. ಮೊಬೈಲಿನ ಬಿಡಿಭಾಗವನ್ನು ನೀರಲ್ಲಿಟ್ಟು, ಕಿವಿಗೆ ಕೇಳದಂಥ ಶಬ್ದ ಬಿಟ್ಟರೆ, ಒಳಗೆ ಬಿರುಕಿರುವ ಕಡೆಯಿಂದ ಅದು ಮರಳಿ ಬರುತ್ತದೆ. ಆ ಮರುದನಿಯಿಂದಲೇ ಯಂತ್ರ ಚಿತ್ರ ಬರೆಯುತ್ತದೆ. ಒಡೆಯುವ ಗೋಜೇ ಇಲ್ಲ!

ಇದನ್ನು ಕೇಳಿಸಿಕೊಂಡ ಪಕ್ಕದ ಮನೆಯ ಪುಟ್ಟಮ್ಮ ಮಾರನೆಯ ದಿನ ಸೆರಗಿನಲ್ಲಿ ಒಂದು ತೆಂಗಿನಕಾಯಿ ತಂದರು. ಯಜಮಾನರು ತೀರಿಕೊಳ್ಳುವ ಮುಂಚೆ ಕಲಶಕ್ಕೆಂದು ಕೈಯಾರೆ ಸುಲಿದುಕೊಟ್ಟ ಕಾಯಿ. ಅಂದಿನಿಂದ ದೇವರ ಗೂಡಿನಲ್ಲೇ ಇತ್ತಂತೆ.

“ಕೊಳೆತೈತೆ, ಕೆರೆಗೆ ಬುಡ್ತೀನಿ ಅಂತಾಳೆ ಸೊಸೆ. ಒಡೀದಂಗೆ ನಿನ್ನ ಮಿಷನ್ನಲ್ಲಿ ನೋಡಪ್ಪ.”

“ಮಿಷನ್ ಇಲ್ಲಿಲ್ಲ ಕಣಕ್ಕ. ಇದ್ರೂ ಇಷ್ಟು ದಪ್ಪದ ಕಾಯಿ ಒಳಗೆ ಕಾಣಲ್ಲ. ಅಲ್ದೆ ನೀರಲ್ಲಿ ಬೇರೆ ಮುಳುಗಿಸ್ಬೇಕು.”

“ನೀರಿಗೆ ಬುಡಕ್ಕೆ ಮಿಷನ್ ಯಾಕಪ್ಪ, ಕೆರೆ ಇಲ್ವಾ? ಹೋಗ್ಲಿ, ಚೆನ್ನಾಗೈತೆ ಅಂತ ಅವಳಿಗೊಂದು ಮಾತು ಹೇಳ್ಬುಡು. ನೀನು ಓದಿದೋನು, ನಂಬ್ತಾಳೆ.”

ಹೇಳಿದೆ. ಸೊಸೆಯ ಎದುರಿಗೇ ಕಾಯಿಯನ್ನು ಕಿವಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ಬಹಳ ಗಂಭೀರವಾಗಿಯೇ ಹೇಳಿದೆ. ಅವಳು ನಂಬಿದಳು. ಎಷ್ಟು ನಂಬಿದಳೆಂದರೆ, ಚೆನ್ನಾಗಿರುವ ಕಾಯಿಯನ್ನು ಸುಮ್ಮನೆ ಯಾಕಿಡಬೇಕೆಂದು ಆ ವಾರವೇ ಒಡೆದು ಕೊಬ್ಬರಿ ಮಿಠಾಯಿ ಮಾಡಿಬಿಟ್ಟಳು.

ತಟ್ಟೆ ಹಿಡಿದು ಬಂದವರು ಪುಟ್ಟಮ್ಮನೇ. “ನೀನು ಹೇಳ್ದಂಗೇ ಇತ್ತು ಕಣಪ್ಪ, ಒಳ್ಳೇ ಕೊಬ್ಬರಿ” ಎಂದಷ್ಟೇ ಹೇಳಿ, ನನ್ನ ಮುಖ ನೋಡದೆ ಹೋದರು.

ಸರ್ವೀಸಿನಲ್ಲಿದ್ದಾಗ ಯಂತ್ರದಲ್ಲಿ ಕಣ್ಣಾರೆ ನೋಡಿಯೂ ಎಷ್ಟೋ ಸಲ ತಪ್ಪು ಹೇಳಿದ್ದೇನೆ. ನೋಡದೆ ಹೇಳಿದ್ದು ಅದೊಂದೇ, ಅದೇ ಸರಿಯಾಗಬೇಕಿತ್ತೆ?