ರೊಟ್ಟಿ ಬಡಿಯುವವಳ ರೇಟು

ನಮ್ಮ ಆಫೀಸಿನ ತಗಡಿನ ಬಾಗಿಲು ವಿಮೆ ಸಾಹೇಬರ ಎತ್ತರಕ್ಕೆ ಸಾಲುತ್ತಿರಲಿಲ್ಲ. ಬಂದಾಗೆಲ್ಲ ಹಣೆ ಚೌಕಟ್ಟಿಗೆ ತಾಗುತ್ತಿತ್ತು. ಹುಬ್ಬಿನ ಮೇಲೆ ಕಾಯಮ್ಮಾಗಿ ಒಂದು ಗಂಟು. ಅದನ್ನು ಉಜ್ಜಿಕೊಳ್ಳುತ್ತ, ಇನ್ನೊಂದು ಕೈಯಿಂದ ಚೌಕಟ್ಟನ್ನು ಸವರಿ, "ಮಾಫ್ ಮಾಡವ್ವ" ಎಂದು ಬಾಗಿಲಿಗೇ ಹೇಳಿ ಒಳಗೆ ಬರುತ್ತಿದ್ದರು.

ಶಹಾಪುರದ ಆಚೆ ಕಾಲುವೆ ಅಗೆಯುತ್ತಿದ್ದ ಕಾಲ. ನಾನು ಗುತ್ತಿಗೆದಾರರ ಆಫೀಸಿನಲ್ಲಿ ಟೈಪಿಸ್ಟ್. ಕೂಲಿಕಾರರಿಗೆ ಪೆಟ್ಟಾದರೆ ಪರಿಹಾರ ಸಿಗಲೆಂದು ವಿಮೆ ಮಾಡಿಸಬೇಕಿತ್ತು. ಒಂದೊಂದು ಕೆಲಸಕ್ಕೆ ಒಂದೊಂದು ರೇಟು. ಮಣ್ಣು ಹೊರುವವರಿಗೆ ಕಡಿಮೆ, ಬಂಡೆಗೆ ಮದ್ದು ತುಂಬಿ ಹಾರಿಸುವವರಿಗೆ ಹೆಚ್ಚು, ನನ್ನಂತೆ ಕುರ್ಚಿಯಲ್ಲಿ ಕೂತವರಿಗೆ ಇಲ್ಲವೆನ್ನುವಷ್ಟು. ಯಾರು ಯಾವ ಕೆಲಸದವರೆಂದು ನೋಡಿ ರೇಟು ಹಾಕುವವರು ಸಾಹೇಬರು. ಗುರುಮಠಕಲ್ಲಿನವರು, ಹೆಣ್ಣುಮಕ್ಕಳನ್ನೆಲ್ಲ 'ಬಾಯಿ' ಎಂದೇ ಕರೆಯುವವರು, ಸಿಟ್ಟು ಬಂದರೆ ತೆಲುಗು. ನಾವು ಕೊಟ್ಟ ಹೆಸರುಗಳ ಯಾದಿಯನ್ನು ಮಡಚಿ ಜೇಬಿಗಿಟ್ಟು, "ಪೆಟ್ಟು ಹೆಸರಿಗಿ ಬೀಳಂಗಿಲ್ಲ ಬಾಯಿ, ಮೈಗಿ ಬೀಳತದ. ನಡೀರಿ, ಮೈ ಎಲ್ಲೆಲ್ಲಿ ಅಡ್ಡಾಡತಾವ ನೋಡೂಣು" ಎಂದು ನನ್ನನ್ನೂ ಕಾಲುವೆಗೆ ಕರೆದೊಯ್ಯುತ್ತಿದ್ದರು.

ಬಂಡೆ ಒಡೆಯುವ ಗ್ಯಾಂಗಿಗೆ ದೇವಾಪುರದ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಯಾದಿಯಲ್ಲಿ ಆಕೆ ಅಡುಗೆಯವಳು. ಸಾಹೇಬರು ಆಕೆಯ ಗುಡಿಸಲ ಮುಂದೆ ಕೂತು, ಪುಂಡಿಪಲ್ಯ ಹಚ್ಚಿಕೊಂಡು ರೊಟ್ಟಿ ತಿಂದರು. ಹೊತ್ತೇರಿದಾಗ ಆಕೆ ಬುಟ್ಟಿ ಹೊತ್ತು ಹೊರಟಳು. ಸಾಹೇಬರೂ ಹಿಂದೆ ಹೊರಟರು. ಆಕೆ ನೇರ ಬಂಡೆಯ ಕೊರಕಲಿಗೆ ಇಳಿದು, ಮದ್ದಿನ ಕುಣಿಗಳ ನಡುವೆಯೇ ಗಂಡಸರಿಗೆ ಬಡಿಸಿದಳು.

ಸಾಹೇಬರು ಆಕೆಯ ಹೆಸರಿನ ಮುಂದೆ ಮದ್ದು ಹಾರಿಸುವವರ ರೇಟು ಬರೆದದ್ದು ನೋಡಿ ಸಂಜೆ ಆಫೀಸಿನಲ್ಲಿ ಗುತ್ತಿಗೆದಾರರು ಬೆಂಕಿಯಾದರು. "ರೊಟ್ಟಿ ಬಡಿಯಾಕಿಗಿ ಮದ್ದಿನ ರೇಟ್ ಏನ್ರಿ?"

"ಒಂದೋ ಮಂದಿ ಮ್ಯಾಲ ಬಂದು ಉಣ್ಣಲಿ, ಇಲ್ಲಾ ಆಕಿ ರೇಟ್ ಬದಲಾಗಲಿ. ಯಾವುದು ಬೇಕು, ನೀವೇ ಹೇಳ್ರಿ."

ಮಂದಿ ಹತ್ತಿ ಇಳಿದರೆ ಕೆಲಸ ನಿಲ್ಲುತ್ತದೆ. ರೇಟೇ ಅಗ್ಗವೆಂದು ಗುತ್ತಿಗೆದಾರರು ಸಹಿ ಹಾಕಿದರು. ಗೆದ್ದ ಖುಷಿಯಲ್ಲಿ ಸಾಹೇಬರು ನನಗೆ ಚಹಾ ತರಿಸಿಕೊಟ್ಟರು.

ಆ ಬೇಸಿಗೆಯಲ್ಲೇ, ಮೊದಲು ಹಾರದೆ ಉಳಿದಿದ್ದ ಮದ್ದು ಆಕೆ ಬಡಿಸುವಾಗ ಹಾರಿತು. ಗಂಡಸರು ಗಾಯಗೊಂಡು ಉಳಿದರು. ಆಕೆಯ ಬಲಗೈ ಮಣಿಕಟ್ಟಿನಿಂದ ಹೋಯಿತು.

ಯಾದಗಿರಿಯ ದವಾಖಾನೆಗೆ ಸಾಹೇಬರ ಜೊತೆ ನಾನೂ ಹೋದೆ. ಆಕೆ ಅವರನ್ನು ಗುರುತಿಸಿದಳು. "ನೀವ್ ಮದ್ದಿನ ರೇಟ್ ಬರದ್ರಿ, ಅದಕ್ಕ ಹಿಂಗಾತು" ಎಂದು ಗೋಡೆಯ ಕಡೆ ಹೊರಳಿದಳು.

ಪೂರ್ತಿ ಪರಿಹಾರ ಸಿಗುತ್ತದೆಂದು ಹೇಳಲು ಬಂದಿದ್ದ ಸಾಹೇಬರು ಹಾಗೇ ಹೊರಗೆ ನಡೆದರು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಾಗ ನಾನೇ ಸಮಾಧಾನ ಮಾಡಹೋದೆ: "ತಿಳೀಲಾರದ ಅಂದಾಳ್ರಿ. ನೀವು ಬರೀಲಿಲ್ಲಂದ್ರ ಆಕಿಗೆ ಏನೂ ಸಿಗ್ತಿರಲಿಲ್ಲ."

"ಇಲ್ಲ ಬಾಯಿ, ಆಕಿ ಖರೇ ಅಂದಾಳ. ಮಂದಿ ಮ್ಯಾಲ ಬರಲಿ ಅಂತ ಹಟ ಹಿಡೀಬೇಕಿತ್ತು. ನಾ ಎರಡ್ರಾಗ ಒಂದು ಆರಿಸ್ರಿ ಅಂದೆ. ಕೈಯೇನು ಸಂತ್ಯಾಗಿನ ಸಾಮಾನೇನು, ರೇಟ್ ಹೇಳಿ ಬಿಡಾಕ?"

ಅಂದಿನಿಂದ ಅವರು ಯಾರಿಗೂ ಆಯ್ಕೆ ಕೊಡಲಿಲ್ಲ. ಅಪಾಯ ತೆಗೆಯುವವರೆಗೆ ರೇಟಿನ ಮಾತೇ ಎತ್ತುತ್ತಿರಲಿಲ್ಲ. ನಮ್ಮ ಗುತ್ತಿಗೆದಾರರು ಬೇರೆ ವಿಮೆಯವರನ್ನು ಹುಡುಕಿಕೊಂಡರು. ಸಾಹೇಬರಿಗೆ ಬರಬೇಕಿದ್ದ ಬಡ್ತಿ ಇನ್ನೊಬ್ಬರಿಗೆ ಹೋಯಿತು. ಆ ಬಗ್ಗೆ ತೆಲುಗಿನಲ್ಲಿ ಏನೋ ಗೊಣಗಿದರೇ ಹೊರತು ದಾರಿ ಬದಲಿಸಲಿಲ್ಲ.

ಪರಿಹಾರದ ದುಡ್ಡಿನಲ್ಲಿ ಆ ಹೆಂಗಸು ಮಗಳೊಂದಿಗೆ ಸುರಪುರದಲ್ಲಿ ಖಾನಾವಳಿ ಇಟ್ಟಳು. ಸಾಹೇಬರು ಆ ಕಡೆ ಹೋದರೆ ಅಲ್ಲೇ ಊಟ. ಮಗಳು ಬಡಿಸುತ್ತಿದ್ದಳು, ತಾಯಿ ಮುಖ ತಿರುಗಿಸುತ್ತಿದ್ದಳು. ಎಷ್ಟೋ ದಿನದ ಮೇಲೆ, ಗಿರಾಕಿ ತುಂಬಿದ್ದ ಒಂದು ಮಧ್ಯಾಹ್ನ, ತಾಟು ಹಿಡಿದು ಮೂಲೆಯಲ್ಲಿ ನಿಂತಿದ್ದವರನ್ನು ಕಂಡು ಆಕೆ ಎಡಗೈಯಿಂದ ಒಂದು ಮಣೆ ಸರಿಸಿದಳು. "ನಿಂತು ಉಣಬ್ಯಾಡ್ರಿ ಸಾಹೇಬ್ರ, ಕುಂಡ್ರಿ." ಇಷ್ಟನ್ನು ಅವರು ನನಗೆ ಎರಡು ಸಲ ಹೇಳಿದರು.

ಅವರೇ ಹುರಿದುಂಬಿಸಿ ಪರೀಕ್ಷೆ ಬರೆಸಿದ್ದರಿಂದ ನಾನೂ ವಿಮೆ ಆಫೀಸು ಸೇರಿದೆ. ಅವರು ನಿವೃತ್ತರಾದ ಮೇಲೆ ನಾನು ಯಾದಗಿರಿಯ ಹತ್ತಿರ ಒಂದು ಹತ್ತಿ ಗಿರಣಿ ನೋಡಲು ಹೋಗಿದ್ದೆ. ಹೆಣ್ಣುಮಕ್ಕಳು ಹತ್ತಿ ಹಾಕುವ ಜಾಗದಲ್ಲೇ ತಿರುಗುವ ಯಂತ್ರದ ಬೆಲ್ಟಿಗೆ ಮುಚ್ಚಳ ಇರಲಿಲ್ಲ. ಸಾಹೇಬರು ತೀರಿಕೊಂಡ ಸುದ್ದಿ ಅಲ್ಲಿಗೇ ಬಂತು. ಮಾಲೀಕರು, "ಹೋಗಿ ಬರ್ರಿ ಮೇಡಂ, ನಾಳಿ ಮುಚ್ಚಳ ಹಾಕಸ್ತೀನಿ" ಎಂದರು. ನಾನು ಕಣ್ಣೊರೆಸಿಕೊಂಡು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಗಿರಣಿ ನಿಲ್ಲಿಸಿ ಮುಚ್ಚಳ ಬಿಗಿದ ಮೇಲೆಯೇ ಎದ್ದೆ.

ಗುರುಮಠಕಲ್ ಮುಟ್ಟಿದಾಗ ಮಣ್ಣು ಮಾಡಿ ಎಲ್ಲರೂ ಮನೆಗೆ ಬಂದಿದ್ದರು. ಸಾಹೇಬರ ಹೆಂಡತಿ ಪಡಸಾಲೆಯಲ್ಲಿ ಕೂತಿದ್ದರು.

"ತಡಾ ಆತಲ್ಲವ್ವ. ಮುಖ ನೋಡಾಕ ಸಿಗಲಿಲ್ಲ ನಿನಗ."

ಗಿರಣಿಯ ಸಂಗತಿ ಹೇಳಿದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನ ತಲೆಗೂದಲಿಗೆ ಅಂಟಿದ್ದ ಹತ್ತಿಯ ಎಳೆಯನ್ನು ಮೆಲ್ಲಗೆ ತೆಗೆದರು.

"ಇರಲಿ ಬಿಡು. ಅವರೂ ದಿನಾ ಹಿಂಗೇ ತಡಾ ಮಾಡಿ ಬರತಿದ್ರು."