ಆಮೆನ್ ತಡವಾದ ಭಾನುವಾರ

ಮಾಲೂರಿನ ಆಚೆ ಭಾನುವಾರ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಾಸ್ಟರ್ ಅಮರನಾಥ್ ತಗಡಿನ ಶೆಡ್ಡಿನ ಮುಂದೆ ಗಂಟೆಯ ಬದಲು ನೇತುಹಾಕಿದ ಕಬ್ಬಿಣದ ತುಂಡಿಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದಾರೆ. ಇಟ್ಟಿಗೆ ಗೂಡಿನ ಹೊಗೆ ಮಂಜಿನ ಜತೆ ಸೇರಿಕೊಂಡು, ಪ್ರಾರ್ಥನೆಗೆ ಬರುವವರ ಕಾಲು ಮೊದಲು, ಮುಖ ಆಮೇಲೆ ಕಾಣುತ್ತದೆ. ಬಂದವರು ಒಳಗೆ ಕಾಲಿಡುವ ಮುನ್ನ ಒಮ್ಮೆ ಹಿಂದೆ ತಿರುಗಿ ನೋಡುತ್ತಾರೆ. ಯಾರೂ ಇರುವುದಿಲ್ಲ.

ಪಾಸ್ಟರ್ ಅಂದರೆ ಕಾರು, ಮೈಕು, ಗರಿಗರಿ ಬಿಳಿ ಅಂಗಿ ಅಂದುಕೊಂಡವರು ಇವರನ್ನೊಮ್ಮೆ ನೋಡಬೇಕು. ವಾರವೆಲ್ಲ ಇದೇ ಗೂಡಿನಲ್ಲಿ ಇಟ್ಟಿಗೆ ಹೊರುತ್ತಾರೆ. ಅಂಗೈ ಸುಲಿದು ಹೋಗಿದೆ. ಮದುವೆ, ಸಾವು, ಆಸ್ಪತ್ರೆ, ಗಂಡ ಹೆಂಡಿರ ಜಗಳ, ಎಲ್ಲಕ್ಕೂ ಸುತ್ತಲಿನ ಇಪ್ಪತ್ತು ಮನೆಗೆ ಇವರೇ 'ಅಯ್ಯಗಾರು'. ಈ ಕಡೆಯವರ ಬಾಯಿಗೆ ತೆಲುಗು ಮೊದಲು ಬರುತ್ತದೆ, ಕನ್ನಡ ಹಿಂದೆಯೇ ಬರುತ್ತದೆ.

ಕದಿರೇಶ್ ಇಲ್ಲೇ ಮಣ್ಣು ಕಲೆಸುತ್ತಿದ್ದವರು. ಹಾಡಲು ಕೂತರೆ ಎಲ್ಲರಿಗಿಂತ ಹಿಂದೆ. ಸಭೆಯೆಲ್ಲ ಮುಗಿಸಿದ ಮೇಲೂ ಕೊನೆಯ ಸಾಲನ್ನು ಒಬ್ಬರೇ ಎಳೆಯುತ್ತಿದ್ದರು, ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ಹೋದ ಚಳಿಗಾಲ ಜ್ವರ ಬಂದು ತೀರಿಕೊಂಡರು. ಮಣ್ಣು ಮಾಡಿದ ಮುಂದಿನ ಭಾನುವಾರ, ಹಾಡು ನಿಂತ ಮೇಲೆ, ಗಂಡಸರ ಚಾಪೆಯ ಕಡೆಯಿಂದ ಕೊನೆಯ ಸಾಲು ಮತ್ತೆ ಕೇಳಿಸಿತು. ಅದೇ ಎಳೆತ, ಅದೇ ಒಡಕು ದನಿ.

ಪ್ರತಿ ಭಾನುವಾರವೂ ಹಾಗೇ ಆಯಿತು. ವಾರದಿಂದ ವಾರಕ್ಕೆ ಜನ ಕಡಿಮೆಯಾದರು. "ಅದನ್ನ ಓಡಿಸಿ ಅಯ್ಯಗಾರು, ಇಲ್ಲಾಂದ್ರೆ ನಾವ್ಯಾರೂ ಬರಲ್ಲ" ಎಂದು ಸಭೆಯ ಹಿರಿಯ ಭೀಮರಾಜ್ ಪಟ್ಟು ಹಿಡಿದರು. ಅಮರನಾಥ್ ಖಾಲಿ ಚಾಪೆಯತ್ತ ಕೈ ಚಾಚಿ, ಯೇಸುವಿನ ಹೆಸರಿನಲ್ಲಿ ತೊಲಗು ಎಂದು ಗದರಿದರು. ದನಿ ನಿಂತಿತು.

"ನನ್ ಗಂಡನ್ನ ದೇವರ ಮನೆಯಿಂದ ನಾಯಿ ಥರ ಓಡಿಸ್ಬಿಟ್ರಲ್ಲ ಅಯ್ಯಗಾರು!" ಕದಿರೇಶರ ಹೆಂಡತಿ ಶಾಮಲಮ್ಮ ಎದ್ದು ಹೋದವರು ಮತ್ತೆ ಬರಲಿಲ್ಲ. ಅನ್ನವೂ ಸೇರದೆ ಕಡ್ಡಿಯಾದರು.

ಅಂದಿನಿಂದ ಅಮರನಾಥ್ ಕೆಲಸಕ್ಕೆ ಹೋಗುವ ಮುಂಚೆ ದಿನಾ ಆ ಮನೆಯ ಜಗಲಿಯಲ್ಲಿ ಕೂರುತ್ತಾರೆ. ಬೈಬಲ್ ತೆಗೆಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. "ಗದರೋದು ಸುಲಭ ಸಾರ್. ಆವತ್ತು ಎಲ್ರೂ ಹೊಗಳಿದ್ರು. ಯಾರನ್ನ ಕೇಳ್ಬೇಕಿತ್ತೋ ಆಯಮ್ಮನ್ನೇ ನಾನು ಕೇಳ್ಲಿಲ್ಲ" ಎಂದು ನನಗೆ ಹೇಳುತ್ತಾರೆ. ನಿನ್ನೆ ಮುಚ್ಚಿದ ಬಾಗಿಲ ಹಿಂದಿನಿಂದ ಶಾಮಲಮ್ಮ ಮಾತಾಡಿದರು: "ಅವ್ರು ಎಲ್ಲಿಗೆ ಹೋದ್ರು ಅಯ್ಯಗಾರು?"

"ಗೊತ್ತಿಲ್ಲಮ್ಮ. ನಂದೇ ತಪ್ಪು" ಎಂದು ಇವರು ಅತ್ತುಬಿಟ್ಟರಂತೆ.

ಇವತ್ತು ಹಾಡಿನ ನಡುವೆ ಶಾಮಲಮ್ಮ ಒಳಗೆ ಬರುತ್ತಾರೆ. ಹೆಂಗಸರ ಕಡೆ ಹೋಗದೆ, ಗಂಡಸರ ಚಾಪೆಯಲ್ಲಿ ಯಾರೂ ಕೂರದ ಆ ಜಾಗದ ಪಕ್ಕ ಕೂರುತ್ತಾರೆ. ಹಾಡು ಮುಗಿಯುತ್ತದೆ. ಶೆಡ್ಡೆಲ್ಲ ತಣ್ಣಗಾಗುತ್ತದೆ. ಆಮೇಲೆ ಕೊನೆಯ ಸಾಲು, ಒಡಕು ಗಂಡು ದನಿಯಲ್ಲಿ, ನಿಧಾನವಾಗಿ. ಶಾಮಲಮ್ಮನ ತುಟಿ ಮುಚ್ಚಿಯೇ ಇದೆ.

"ಅಯ್ಯಗಾರು, ಗದರ್ರಿ!" ಭೀಮರಾಜ್ ಎದ್ದು ನಿಲ್ಲುತ್ತಾರೆ. ಅಮರನಾಥ್ ಕೈಸನ್ನೆ ಮಾಡಿ ಅವರನ್ನು ಕೂರಿಸುತ್ತಾರೆ. ಸಾಲು ಪೂರ್ತಿಯಾಗುವವರೆಗೆ ಕಾದು, ಮೆಲ್ಲಗೆ ಆಮೆನ್ ಅನ್ನುತ್ತಾರೆ.

ಭೀಮರಾಜ್ ಮನೆಯವರನ್ನೆಲ್ಲ ಎಬ್ಬಿಸಿಕೊಂಡು ಹೊರಟೇಬಿಟ್ಟರು. ಶಾಮಲಮ್ಮ ಮಾತ್ರ ಉಳಿದು, ಒಲೆ ಹಚ್ಚಿ ಎಲ್ಲರಿಗೂ ಟೀ ಕಾಯಿಸಿ, ತಾವೂ ಒಂದು ಲೋಟ ಕುಡಿಯುತ್ತಿದ್ದಾರೆ. ಅದು ಯಾರ ದನಿ ಎಂದು ನಾನು ಕೇಳಿದರೆ ಅಮರನಾಥ್ ತಲೆ ಅಲ್ಲಾಡಿಸುತ್ತಾರೆ.

"ನಂಗೊತ್ತಿಲ್ಲ ಸಾರ್. ನಂಗೂ ಭಯಾನೇ. ಆದ್ರೆ ಇವತ್ತು ಅವ್ರು ಹಾಡು ಮುಗಿಸೋಕೆ ಬಿಟ್ಟೆ."