ಬೆಂಚಿನ ಮೇಲಿನ ಜಾಗ

ಹೊಲ ಅಳೆದುಕೊಡಲು ಲಂಚ ತೆಗೆದುಕೊಂಡನೆಂಬ ಆರೋಪ ಹೊತ್ತ ಸರ್ವೇಯರನ ವಿರುದ್ಧ ವಾದಿಸಲು ಸರ್ಕಾರ ನನ್ನನ್ನು ವಕೀಲೆಯಾಗಿ ನೇಮಿಸಿತ್ತು. ದೂರು ಕೊಟ್ಟವನು ಕೌಜಲಗಿಯ ರೈತ.

ಪ್ರತಿ ತಾರೀಖಿಗೂ ಗೋಕಾಕ, ಮೂಡಲಗಿ, ಹುಕ್ಕೇರಿಯಿಂದ ಬಂದ ಜನ ಆರೋಪಿಯನ್ನು ಮುತ್ತಿಕೊಳ್ಳುತ್ತಿದ್ದರು. ಒಬ್ಬ ಚಹಾ ತಂದರೆ ಇನ್ನೊಬ್ಬ ಕರದಂಟು ತರುತ್ತಿದ್ದ. ಅಮಾನತಾದವನಿಗೆ ಅಷ್ಟು ಉಪಚಾರ! ನನಗೆ ನೀರು ಬೇಕೇ ಎಂದು ಕೇಳಿದವರಿಲ್ಲ. ಹೊಟ್ಟೆ ಉರಿಯುತ್ತಿತ್ತು. ದೂರು ಕೊಟ್ಟ ರೈತನೊಬ್ಬನಾದರೂ ನನ್ನ ಕಡೆಯವನು ಎಂಬುದೊಂದೇ ಸಮಾಧಾನ.

ಸಾಕ್ಷಿ ಹೇಳುವ ದಿನ ಅವನು ಅಳುಕಲಿಲ್ಲ. ಆರೋಪಿಯತ್ತ ಬೆರಳು ತೋರಿಸಿ, “ಇವರ ರೀ ನನ್ನ ಕಡೆ ರೊಕ್ಕ ಇಸ್ಕೊಂಡವರು” ಎಂದ. ನಾನು ಬೀಗಿದೆ.

ಹೊರಗೆ ಬಂದವನೇ ಕೋರ್ಟಿನ ವರಾಂಡದ ಬೆಂಚಿನಲ್ಲಿ ಉಳಿದಿದ್ದ ಒಂದೇ ಜಾಗದಲ್ಲಿ ಕುಳಿತ. ನಾನು ಫೈಲು ಹೊತ್ತು ಎದುರಿಗೇ ನಿಂತಿದ್ದೆ. ದಣಿದಿದ್ದಾನೆ, ಕೂರಲಿ ಎಂದುಕೊಂಡೆ.

ಅಷ್ಟರಲ್ಲಿ ಆರೋಪಿಯೂ ಹೊರಬಂದ. ರೈತ ದಡಕ್ಕನೆ ಎದ್ದು, ಹೆಗಲ ಮೇಲಿನ ಟವೆಲ್ಲಿನಿಂದ ಬೆಂಚು ಒರೆಸಿ, “ಬರ್ರಿ ಸಾಹೇಬ್ರ, ಕುಂದರ್ರಿ” ಎಂದ.

ಸಾಹೇಬರು ಕುಳಿತರು. ರೈತ ನನ್ನ ಕಡೆ ತಿರುಗಿದ.

“ಅಕ್ಕಾರ, ಸ್ವಲ್ಪ ಬಾಜೂ ಸರೀರಿ. ಸಾಹೇಬ್ರಿಗೆ ಗಾಳಿ ಬರವಲ್ದು.”